ಇದ್ದಿಲಿಗೆ ಕಾಂತಗುಣ ಬರುವುದೆಂದರೆ

ಸೂಜಿಗಲ್ಲಿಗೆ ಅಂಟುವ ವಸ್ತುಗಳಲ್ಲಿ ಇಂಗಾಲ ಸೇರಿಲ್ಲವೆಂಬುದು ಪ್ರಾಥಮಿಕ ಶಾಲೆಯ ಪಾಠ. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಂಥ ಊರಿನಲ್ಲಿ ಕಮ್ಮಾರನ ಕುಲುಮೆಯ ಮುಂದೆ ನಿಂತವರಿಗೆ ಈ ಪಾಠಕ್ಕೆ ಬೇರೆ ಪುರಾವೆ ಬೇಕಿಲ್ಲ. ಹಣಿಸಲು ತಂದ ಕುಂಟೆಯ ಕುಡ, ಕುಡಗೋಲು, ಕೊಡಲಿ ಸೂಜಿಗಲ್ಲಿಗೆ ಹತ್ತುತ್ತವೆ, ಅವುಗಳನ್ನು ಕಾಯಿಸುವ ಇದ್ದಿಲು ಹತ್ತುವುದಿಲ್ಲ. ಆದರೆ ಇದ್ದಿಲಿನ ಮೂಲವಸ್ತುವಾದ ಇದೇ ಇಂಗಾಲವನ್ನು ಒಂದು ಪರಮಾಣುವಿನಷ್ಟೇ ದಪ್ಪದ ಹಾಳೆಯಾಗಿಯೋ ಚೆಂಡಾಗಿಯೋ ಕೊಳವೆಯಾಗಿಯೋ ರೂಪಿಸಿ, ಅದರ ಮೈಮೇಲೆ ಜಲಜನಕವನ್ನೋ ಫ್ಲೋರಿನ್ನನ್ನೋ ಕೂರಿಸಿ ರಾಸಾಯನಿಕವಾಗಿ ಹದಗೊಳಿಸಿದಾಗ ಅದರಲ್ಲಿ ಕಾಂತಗುಣದ ಚಿಹ್ನೆಗಳು ಕಾಣಿಸುತ್ತವೆಂದು ಕಳೆದ ಮೂರು ದಶಕಗಳಲ್ಲಿ ಜಗತ್ತಿನ ಹಲವು ಪ್ರಯೋಗಾಲಯಗಳು ವರದಿ ಮಾಡಿವೆ. ಆ ವರದಿಗಳ ಸಾಲಿನಲ್ಲಿ ಬೆಂಗಳೂರಿನ ಜಕ್ಕೂರಿನಿಂದ 2009ರಲ್ಲಿ ಹೊರಬಂದ ಒಂದು ಪ್ರಬಂಧಕ್ಕೆ ಮುಖ್ಯ ಸ್ಥಾನವಿದೆ. ಕಂಡ ಚಿಹ್ನೆಗಳು ನಿಜಕ್ಕೂ ಇಂಗಾಲದವೇ, ಅಥವಾ ಅದರೊಳಗೆ ಕಣ್ಣಿಗೆ ಕಾಣದಂತೆ ಬೆರೆತ ಕಬ್ಬಿಣದವೇ ಎಂಬ ಪ್ರಶ್ನೆ ಮೊದಲಿನಿಂದಲೂ ಈ ಕ್ಷೇತ್ರದ ಬೆನ್ನು ಹತ್ತಿದೆ. ಆ ಪ್ರಶ್ನೆಯನ್ನು ಬದಿಗಿಟ್ಟು ಇಂಗಾಲದ ಕಾಂತತ್ವದ ಬಗ್ಗೆ ಏನು ಹೇಳಿದರೂ ಅದು ಅರ್ಧ ಮಾತಾಗುತ್ತದೆ.

ಯಾವುದೇ ವಸ್ತುವಿನ ಕಾಂತಗುಣದ ಮೂಲ ಅದರ ಎಲೆಕ್ಟ್ರಾನುಗಳಲ್ಲಿದೆ. ಪ್ರತಿ ಎಲೆಕ್ಟ್ರಾನಿಗೂ ಗಿರಕಿ ಎಂದು ಕರೆಯಬಹುದಾದ, ವಿಜ್ಞಾನಿಗಳು ಸ್ಪಿನ್ ಎನ್ನುವ ಒಂದು ಹುಟ್ಟುಗುಣವಿದ್ದು, ಅದರ ಫಲವಾಗಿ ಎಲೆಕ್ಟ್ರಾನು ತಾನೇ ಒಂದು ಕಿರುಕಾಂತದಂತೆ ವರ್ತಿಸುತ್ತದೆ. ಆದರೆ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ನೆಲೆಸುತ್ತವೆ; ಜೋಡಿಯಲ್ಲಿ ಒಂದರ ಗಿರಕಿ ಮೇಲ್ಮುಖವಾದರೆ ಇನ್ನೊಂದರದು ಕೆಳಮುಖವಾಗಿದ್ದು, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಇಂಗಾಲದ ಪರಮಾಣುವಿನಲ್ಲಿರುವ 6 ಎಲೆಕ್ಟ್ರಾನುಗಳ ಪೈಕಿ ಹೊರಗಿನ 4 ನೆರೆಯ ಪರಮಾಣುಗಳೊಂದಿಗೆ ಬಂಧ ಬೆಸೆಯುವ ಕೆಲಸದಲ್ಲಿ ಹಂಚಿಹೋಗುತ್ತವೆ, ಒಳಗಿನ 2 ತಮ್ಮಲ್ಲೇ ಜೋಡಿಯಾಗಿರುತ್ತವೆ, ಹೀಗಾಗಿ ಒಂಟಿಯಾಗಿ ಉಳಿಯುವ ಎಲೆಕ್ಟ್ರಾನು ಇರುವುದೇ ಇಲ್ಲ. ಇಂಗಾಲವನ್ನು ಕಾಂತಗೊಳಿಸುವ ಎಲ್ಲ ಪ್ರಯತ್ನಗಳ ತಿರುಳು ಇಷ್ಟೇ: ಜೋಡಿ ಮುರಿದು ಒಂದು ಎಲೆಕ್ಟ್ರಾನನ್ನು ಒಂಟಿಯಾಗಿ ನಿಲ್ಲಿಸಬೇಕು, ಬಳಿಕ ಹಾಗೆ ಒಂಟಿಯಾದವುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡುವಂತೆ ಮಾಡಬೇಕು. ಮೊದಲನೆಯದು ಸಾಧ್ಯವೆಂಬುದು ಈಗ ಸಿದ್ಧವಾಗಿದೆ. ಎರಡನೆಯದರಲ್ಲೇ ತಕರಾರು.

ವಸ್ತುಗಳ ಕಾಂತವರ್ತನೆಯನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುವ ರೂಢಿಯಿದೆ. ಎಲ್ಲ ಎಲೆಕ್ಟ್ರಾನುಗಳೂ ಜೋಡಿಯಾಗಿರುವ ವಸ್ತು ಸೂಜಿಗಲ್ಲಿನಿಂದ ಅತ್ಯಲ್ಪವಾಗಿ ದೂರ ಸರಿಯುತ್ತದೆ, ಇದು ಡಯಾಕಾಂತತೆ. ಒಂಟಿ ಎಲೆಕ್ಟ್ರಾನುಗಳಿದ್ದೂ ಅವು ತಮ್ಮತಮ್ಮಲ್ಲಿ ಹೊಂದಾಣಿಕೆಯಿಲ್ಲದೆ ಮನಬಂದ ದಿಕ್ಕಿಗೆ ತಿರುಗಿಕೊಂಡಿರುವ ವಸ್ತು, ಸೂಜಿಗಲ್ಲು ಹತ್ತಿರವಿರುವಷ್ಟು ಹೊತ್ತು ಮಾತ್ರ ದುರ್ಬಲವಾಗಿ ಆಕರ್ಷಿತವಾಗಿ, ಅದು ದೂರವಾದೊಡನೆ ಎಲ್ಲವನ್ನೂ ಮರೆಯುತ್ತದೆ, ಇದು ಪ್ಯಾರಾಕಾಂತತೆ. ಒಂಟಿ ಎಲೆಕ್ಟ್ರಾನುಗಳು ಒಂದನ್ನೊಂದು ಹಿಡಿದು ನಿಲ್ಲಿಸಿ ಸಾಲಾಗಿ ಒಂದೇ ದಿಕ್ಕಿಗೆ ನಿಲ್ಲುವ ವಸ್ತುವಿನಲ್ಲಿ ಸೂಜಿಗಲ್ಲು ದೂರವಾದ ಮೇಲೂ ಕಾಂತಗುಣ ಉಳಿಯುತ್ತದೆ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳ ಈ ಗುಣವೇ ಫೆರೋಕಾಂತತೆ. ಕಾಯಿಸಿದರೆ ಈ ಸಾಲು ಚದುರುತ್ತದೆ. ಕಬ್ಬಿಣದ ವಿಷಯದಲ್ಲಿ ಅದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುವುದರಿಂದ, ಕುಲುಮೆಯಲ್ಲಿ ಕೆಂಪಗೆ ಕಾದ ಕುಡಕ್ಕೆ ಸೂಜಿಗಲ್ಲು ಹತ್ತುವುದಿಲ್ಲ, ತಣಿದ ಮೇಲೆ ಮತ್ತೆ ಹತ್ತುತ್ತದೆ. ಸಾಲು ಚದುರುವ ಈ ಉಷ್ಣತೆಯನ್ನು ಪಿಯರಿ ಕ್ಯೂರಿಯ ಹೆಸರಿನಿಂದ ಕ್ಯೂರಿ ಉಷ್ಣತೆ ಎನ್ನುತ್ತಾರೆ, ಮತ್ತು ಇದು ಒಂದೊಂದು ಕಾಂತವಸ್ತುವಿಗೆ ಒಂದೊಂದು ಬಗೆಯಾಗಿರುವುದರಿಂದ ಆ ವಸ್ತುವಿನ ಹೆಬ್ಬೆಟ್ಟಿನ ಗುರುತಿನಂತೆ ಕೆಲಸ ಮಾಡುತ್ತದೆ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ಇಂಗಾಲದ ರೂಪಗಳಲ್ಲಿ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಡಯಾಕಾಂತತೆಗೆ ಹೆಸರಾದುದು. ಅದರ ಹದವಾದ ತೆಳು ಬಿಲ್ಲೆಯನ್ನು ಬಲವಾದ ಪುಟ್ಟ ಸೂಜಿಗಲ್ಲುಗಳ ಮೇಲಿಟ್ಟರೆ ಅದು ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ತೇಲಿ ನಿಲ್ಲುತ್ತದೆ. ಗ್ರಾಫೈಟಿನ ಈ ಗುಣವನ್ನು ಕರಾರುವಾಕ್ಕಾಗಿ ಅಳೆದವರಲ್ಲಿ ಭಾರತೀಯರೇ ಮುಂಚೂಣಿಯಲ್ಲಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಸಿ.ವಿ. ರಾಮನ್ ಅವರ ಶಿಷ್ಯ ಮತ್ತು ಸಹಯೋಗಿ ಕೆ.ಎಸ್. ಕೃಷ್ಣನ್ 1934ರಲ್ಲಿ, ಗ್ರಾಫೈಟ್ ಹರಳಿನ ಪದರಗಳಿಗೆ ಲಂಬವಾದ ದಿಕ್ಕಿನಲ್ಲಿ ಈ ವಿಕರ್ಷಣೆ ಅತಿ ಹೆಚ್ಚೆಂದೂ ಪದರಗಳ ದಿಕ್ಕಿನಲ್ಲಿ ಅತಿ ಕಡಿಮೆಯೆಂದೂ ಪ್ರಕಟಿಸಿದರು, ಮುಂದೆ 1941ರಲ್ಲಿ ಗಂಗೂಲಿಯವರೊಂದಿಗೆ ಸೇರಿ ಈ ವ್ಯತ್ಯಾಸಕ್ಕೆ ಪದರದೊಳಗೆ ಸ್ವಚ್ಛಂದವಾಗಿ ಓಡಾಡುವ ಎಲೆಕ್ಟ್ರಾನುಗಳೇ ಕಾರಣವೆಂದು ವಿವರಿಸಿದರು. ಪ್ರತಿ ಇಂಗಾಲದ ಪರಮಾಣುವೂ ತನ್ನ ಮೂರು ಎಲೆಕ್ಟ್ರಾನುಗಳಿಂದ ಮೂರು ನೆರೆಯವರನ್ನು ಹಿಡಿದುಕೊಂಡು, ನಾಲ್ಕನೆಯದನ್ನು ಇಡೀ ಪದರದ ಸಮುದಾಯಕ್ಕೆ ಬಿಟ್ಟುಕೊಡುತ್ತದೆ. ಹೀಗೆ ಬಿಟ್ಟುಕೊಟ್ಟ ನಾಲ್ಕನೆಯ ಎಲೆಕ್ಟ್ರಾನನ್ನು ಪೈ ಎಲೆಕ್ಟ್ರಾನು ಎನ್ನುತ್ತಾರೆ. ಇಂಗಾಲದ ಕಾಂತಕಥೆಯಲ್ಲೆಲ್ಲ ನಾಯಕ ಈ ಪೈ ಎಲೆಕ್ಟ್ರಾನೇ.

ನ್ಯಾನೊ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದ ಅಳತೆ. 1985ರಲ್ಲಿ 60 ಇಂಗಾಲದ ಪರಮಾಣುಗಳ ಚೆಂಡಾದ ಫುಲ್ಲರೀನ್ ಬೆಳಕಿಗೆ ಬಂತು. 1991ರಲ್ಲಿ ಜಪಾನಿನ ಸುಮಿಯೊ ಈಜಿಮಾ ಇಂಗಾಲದ ನ್ಯಾನೊಕೊಳವೆಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ ವಿವರಿಸಿದರು. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿನಿಂದ ಒಂದೇ ಪದರವನ್ನು ಬಿಡಿಸಿ ಗ್ರಾಫೀನನ್ನು ಕೈಗೆ ತಂದುಕೊಟ್ಟರು. ಗ್ರಾಫೀನ್ ಜೇನುಹುಟ್ಟಿನ ಮನೆಗಳಂತೆ ಷಟ್ಕೋನಗಳು ಹೆಣೆದುಕೊಂಡ ಹಾಳೆ. ಈ ಹೆಣಿಗೆಯಲ್ಲಿ ಕಣ್ಣಿಗೆ ಒಂದೇ ತೆರನಾಗಿ ಕಾಣುವ ಪರಮಾಣುಗಳು ವಾಸ್ತವದಲ್ಲಿ ಎರಡು ಪಂಗಡಗಳಾಗಿರುತ್ತವೆ: ಚದುರಂಗದ ಮಣೆಯ ಮೇಲೆ ಕಪ್ಪು ಮನೆಯ ಅಂಚಿಗೆ ಬಿಳಿ ಮನೆಗಳೇ ಬರುವಂತೆ, ಒಂದು ಪಂಗಡದ ಪರಮಾಣುವಿನ ಮೂರೂ ನೆರೆಯವರು ಇನ್ನೊಂದು ಪಂಗಡದವರೇ ಆಗಿರುತ್ತಾರೆ. ಎರಡೂ ಪಂಗಡಗಳ ಎಣಿಕೆ ಸಮನಾಗಿರುವ ತನಕ ಪೈ ಎಲೆಕ್ಟ್ರಾನುಗಳೆಲ್ಲ ಜೋಡಿಯಾಗುತ್ತವೆ, ಹಾಳೆ ಡಯಾಕಾಂತವಾಗಿಯೇ ಉಳಿಯುತ್ತದೆ. ಒಂದು ಪಂಗಡದಲ್ಲಿ ಒಂದು ಪರಮಾಣು ಕಡಿಮೆಯಾದರೆ ಇನ್ನೊಂದು ಪಂಗಡದಲ್ಲಿ ಒಂದು ಪೈ ಎಲೆಕ್ಟ್ರಾನಿಗೆ ಜೊತೆ ಸಿಗದೆ ಹೋಗುತ್ತದೆ. ಪಂಗಡಗಳ ಎಣಿಕೆಯ ಅಂತರವೇ ಒಟ್ಟು ಗಿರಕಿಯನ್ನು ನಿರ್ಧರಿಸುತ್ತದೆಂಬುದನ್ನು ಗಣಿತಜ್ಞ ಎಲಿಯಟ್ ಲೀಬ್ 1989ರಲ್ಲಿ ಪ್ರಮೇಯವಾಗಿ ಸಾಧಿಸಿದ್ದರು. ಗ್ರಾಫೀನ್ ಕೈಗೆ ಬರುವುದಕ್ಕೂ ಹದಿನೈದು ವರ್ಷ ಮೊದಲೇ ಅದರ ಕಾಂತಗುಣದ ಲೆಕ್ಕ ಕಾಗದದ ಮೇಲೆ ಸಿದ್ಧವಾಗಿತ್ತೆಂದು ಹೇಳಬಹುದು.

ರಾಸಾಯನಿಕ ಹದಗಾರಿಕೆಯ ಕೆಲಸ ಇಲ್ಲಿ ಶುರುವಾಗುತ್ತದೆ. ಪರಮಾಣುವನ್ನು ಹಾಳೆಯಿಂದ ಕಿತ್ತು ತೆಗೆಯಲೇಬೇಕೆಂದಿಲ್ಲ. ಅದರ ಮೇಲೆ ಒಂದು ಜಲಜನಕದ ಪರಮಾಣುವನ್ನು ಕೂರಿಸಿದರೂ ಸಾಕು, ಆ ಜಾಗದ ಪೈ ಎಲೆಕ್ಟ್ರಾನು ಜಲಜನಕದೊಂದಿಗಿನ ಬಂಧಕ್ಕೆ ಖರ್ಚಾಗಿ, ಹಾಳೆಯ ಸಮುದಾಯದ ಲೆಕ್ಕದಲ್ಲಿ ಆ ಪರಮಾಣು ಇಲ್ಲದಂತೆಯೇ ಆಗುತ್ತದೆ. 2016ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನ ವಿಜ್ಞಾನಿಗಳು ಪರಮಾಣುಗಳನ್ನು ಒಂದೊಂದಾಗಿ ತಡಕಿ ನೋಡಬಲ್ಲ ಸೂಕ್ಷ್ಮದರ್ಶಕದಡಿ ಗ್ರಾಫೀನಿನ ಮೇಲೆ ಒಂಟಿ ಜಲಜನಕದ ಪರಮಾಣುವನ್ನಿಟ್ಟು, ಅದರ ಸುತ್ತ ಎದುರು ಪಂಗಡದ ಇಂಗಾಲದ ಪರಮಾಣುಗಳ ಮೇಲೆ ಕಾಂತಗುಣ ಹರಡಿಕೊಳ್ಳುವುದನ್ನು ನೇರವಾಗಿ ಕಂಡರು. ಎರಡನೆಯ ಜಲಜನಕವನ್ನು ಎದುರು ಪಂಗಡದ ಮೇಲೆ ಹತ್ತಿರವಿಟ್ಟಾಗ ಕಾಂತಗುಣ ಅಳಿಯಿತು, ಅದೇ ಪಂಗಡದ ಮೇಲಿಟ್ಟಾಗ ಉಳಿಯಿತು. ಲೀಬ್ ಅವರ ಲೆಕ್ಕ ಪ್ರಯೋಗದಲ್ಲಿ ಇಷ್ಟು ನಿಚ್ಚಳವಾಗಿ ಕಂಡ ಇನ್ನೊಂದು ಉದಾಹರಣೆ ಈ ಕ್ಷೇತ್ರದಲ್ಲಿ ವಿರಳ.

ಹಾಳೆಯ ಅಂಚಿಗೂ ಇಂಥದೇ ಗುಣವಿದೆ. ಗ್ರಾಫೀನನ್ನು ಕತ್ತರಿಸಿದಾಗ ಅಂಚು ಗರಗಸದ ಹಲ್ಲಿನಂತೆ ಬಂದರೆ, ಆ ಅಂಚಿನುದ್ದಕ್ಕೂ ಒಂದೇ ಪಂಗಡದ ಪರಮಾಣುಗಳು ಸಾಲುಗಟ್ಟುತ್ತವೆ, ಅಲ್ಲಿ ಒಂಟಿ ಎಲೆಕ್ಟ್ರಾನುಗಳು ನೆಲೆಸುತ್ತವೆ ಎಂದು ಜಪಾನಿನ ಫುಜಿತಾ ಮತ್ತು ಸಂಗಡಿಗರು 1996ರಲ್ಲಿ ಲೆಕ್ಕಹಾಕಿ ತೋರಿಸಿದ್ದರು. ಇದರಿಂದ ಒಂದು ಸರಳ ನಿರೀಕ್ಷೆ ಹುಟ್ಟುತ್ತದೆ: ಹಾಳೆಯ ಚೂರು ಚಿಕ್ಕದಾದಷ್ಟೂ ಒಡಲಿಗೆ ಹೋಲಿಸಿದರೆ ಅಂಚು ಹೆಚ್ಚುತ್ತದೆ, ಆದ್ದರಿಂದ ಕಾಂತಗುಣವೂ ಹೆಚ್ಚಬೇಕು.

ಬೆಂಗಳೂರಿನ ಕೆಲಸದ ಮಹತ್ವ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅದನ್ನು ಕಟ್ಟಿದ ಸಿ.ಎನ್.ಆರ್. ರಾವ್ ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಜಗತ್ತಿನ ಗಣ್ಯರ ಸಾಲಿಗೆ ಸೇರಿ, 2014ರಲ್ಲಿ ಭಾರತರತ್ನ ಸ್ವೀಕರಿಸಿದವರು. ಎಚ್.ಎಸ್.ಎಸ್. ರಾಮಕೃಷ್ಣ ಮಟ್ಟೆ ಮತ್ತು ಕೆ.ಎಸ್. ಸುಬ್ರಹ್ಮಣ್ಯಂ ಅವರೊಂದಿಗೆ ರಾವ್ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗ್ರಾಫೀನನ್ನು ಒಂದೇ ದಾರಿಯಲ್ಲಿ ತಯಾರಿಸಿ ತೃಪ್ತರಾಗದೆ ಮೂರು ಬೇರೆಬೇರೆ ದಾರಿಗಳಲ್ಲಿ ತಯಾರಿಸಿ ಹೋಲಿಸಿದ್ದು ಗಮನಾರ್ಹ. ಮೊದಲನೆಯದರಲ್ಲಿ ಗ್ರಾಫೈಟನ್ನು ಉತ್ಕರ್ಷಿಸಿ, ಅಂದರೆ ಅದರ ಪದರಗಳ ನಡುವೆ ಆಮ್ಲಜನಕದ ಗುಂಪುಗಳನ್ನು ತುಂಬಿ, ಬಳಿಕ ದಿಢೀರನೆ ಕಾಯಿಸಿ ಪದರಗಳು ಅರಳಿನಂತೆ ಸಿಡಿದು ಬಿಡಿಸಿಕೊಳ್ಳುವಂತೆ ಮಾಡಲಾಯಿತು. ಎರಡನೆಯದರಲ್ಲಿ ನ್ಯಾನೊ ಗಾತ್ರದ ವಜ್ರದ ಪುಡಿಯನ್ನು ಅತಿ ಹೆಚ್ಚು ಶಾಖದಲ್ಲಿ ಗ್ರಾಫೀನಾಗಿ ಮಾರ್ಪಡಿಸಲಾಯಿತು. ಮೂರನೆಯದರಲ್ಲಿ ಜಲಜನಕ ತುಂಬಿದ ಕೋಣೆಯೊಳಗೆ ಎರಡು ಗ್ರಾಫೈಟ್ ಕಡ್ಡಿಗಳ ನಡುವೆ, ವೆಲ್ಡಿಂಗ್ ಅಂಗಡಿಯಲ್ಲಿ ಕಾಣುವಂಥ ವಿದ್ಯುತ್ ಕಿಡಿ ಹಾರಿಸಿ, ಆವಿಯಾದ ಇಂಗಾಲ ಎರಡು ಮೂರು ಪದರಗಳ ಹಾಳೆಗಳಾಗಿ ಕೂಡುವಂತೆ ಮಾಡಲಾಯಿತು. ಈ ಕೊನೆಯ ದಾರಿಗೆ ಲೋಹದ ವೇಗವರ್ಧಕದ ಅಗತ್ಯವಿಲ್ಲವೆಂಬುದು ಕಾಂತತ್ವದ ಅಧ್ಯಯನಕ್ಕೆ ದೊಡ್ಡ ಅನುಕೂಲ.

ಮೂರೂ ಬಗೆಯ ಮಾದರಿಗಳು ಕೋಣೆಯ ಉಷ್ಣತೆಯಲ್ಲೇ ಹಿಸ್ಟೆರಿಸಿಸ್ ತೋರಿದವೆಂದು ಪ್ರಬಂಧ ವರದಿ ಮಾಡಿತು. ಹಿಸ್ಟೆರಿಸಿಸ್ ಎಂದರೆ ಹೊರಗಿನ ಕಾಂತಕ್ಷೇತ್ರವನ್ನು ತೆಗೆದ ಮೇಲೂ ವಸ್ತು ಅದರ ನೆನಪನ್ನು ಉಳಿಸಿಕೊಳ್ಳುವುದು; ಫೆರೋಕಾಂತತೆಯ ಪ್ರಸಿದ್ಧ ಲಕ್ಷಣವಿದು. ಆದರೆ ಚಿತ್ರ ಅಷ್ಟು ಸರಳವಾಗಿರಲಿಲ್ಲ. ಕಿರುಕಾಂತಗಳು ಒಂದೇ ದಿಕ್ಕಿಗೆ ನಿಲ್ಲುವ ಪ್ರವೃತ್ತಿಯ ಜೊತೆಗೆ, ನೆರೆಯವುಗಳು ಪರಸ್ಪರ ವಿರುದ್ಧ ದಿಕ್ಕಿಗೆ ನಿಂತು ಒಂದನ್ನೊಂದು ಅಳಿಸುವ ಪ್ರವೃತ್ತಿಯೂ ಅದೇ ಮಾದರಿಯಲ್ಲಿ ಕಂಡಿತು. ಈ ಎರಡನೆಯದನ್ನು ಆಂಟಿಫೆರೋಕಾಂತತೆ ಎನ್ನುತ್ತಾರೆ. ಪದರಗಳ ಸಂಖ್ಯೆ ಕಡಿಮೆಯಾದಷ್ಟೂ, ಹಾಳೆಯ ವಿಸ್ತಾರ ಕಿರಿದಾದಷ್ಟೂ ಕಾಂತಗುಣ ಹೆಚ್ಚಿತು, ಅಂದರೆ ಅಂಚಿನ ಪಾತ್ರದ ಕುರಿತ ನಿರೀಕ್ಷೆಗೆ ಈ ಅಳತೆ ಹೊಂದಿಕೊಂಡಿತು. ಎಲ್ಲಕ್ಕಿಂತ ಬೆಲೆಯುಳ್ಳದ್ದು ರಾಸಾಯನಿಕ ಪರೀಕ್ಷೆ: ಗ್ರಾಫೀನಿನ ಮೈಗೆ ಎಲೆಕ್ಟ್ರಾನನ್ನು ಧಾರೆಯೆರೆಯುವ ಟೆಟ್ರಾಥಯಾಫಲ್ವಲೀನ್ ಎಂಬ ಅಣುವನ್ನೂ ಎಲೆಕ್ಟ್ರಾನನ್ನು ಸೆಳೆದುಕೊಳ್ಳುವ ಟೆಟ್ರಾಸಯನೊಎಥಿಲೀನ್ ಎಂಬ ಅಣುವನ್ನೂ ಬೇರೆಬೇರೆಯಾಗಿ ಲೇಪಿಸಿದಾಗ ಎರಡೂ ಸಂದರ್ಭಗಳಲ್ಲಿ ಕಾಂತಗುಣ ಬದಲಾಯಿತು, ಮತ್ತು ಕೊಡುವ ಅಣುವಿನ ಪ್ರಭಾವ ಸೆಳೆಯುವ ಅಣುವಿನದಕ್ಕಿಂತ ಹೆಚ್ಚಾಗಿತ್ತು. ಈ ಕೊನೆಯ ಸಂಗತಿಯನ್ನು ಹಗುರವಾಗಿ ಕಾಣಲಾಗದು. ಕಾಂತಗುಣವೆಲ್ಲ ಪುಡಿಯೊಳಗೆ ಅಡಗಿ ಕುಳಿತ ಕಬ್ಬಿಣದ ಚೂರಿನದೇ ಆಗಿದ್ದರೆ, ಹಾಳೆಯ ಮೈಗೆ ಹಚ್ಚಿದ ಕಾರ್ಬನಿಕ ಅಣುವಿಗೆ ಅದು ಹೀಗೆ ಸ್ಪಂದಿಸುವುದೇಕೆಂದು ಕೇಳಬೇಕಾಗುತ್ತದೆ.

ಎಲೆಕ್ಟ್ರಾನ್ ಕೊಡುವ ಅಣುವಿನಿಂದ ಇಂಗಾಲಕ್ಕೆ ಕಾಂತಗುಣ ತರುವ ಉಪಾಯಕ್ಕೆ ಅದಕ್ಕಿಂತ ಹಿಂದಿನ ಒಂದು ಭದ್ರ ಆಧಾರವೂ ಇದೆ. 1991ರಲ್ಲಿ ಕ್ಯಾಲಿಫೋರ್ನಿಯದ ಫ್ರೆಡ್ ವುಡ್ಲ್ ಮತ್ತು ಸಂಗಡಿಗರು ಫುಲ್ಲರೀನ್ ಚೆಂಡುಗಳಿಗೆ ಟಿ.ಡಿ.ಎ.ಇ. ಎಂಬ ಎಲೆಕ್ಟ್ರಾನ್ ದಾನಿ ಅಣುವನ್ನು ಜೊತೆಗೂಡಿಸಿ, ಲೋಹದ ಸೋಂಕೇ ಇಲ್ಲದ ಫೆರೋಕಾಂತವನ್ನು ಪಡೆದರು. ಅದು 16 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಸೊನ್ನೆಗಿಂತ 257 ಡಿಗ್ರಿ ಸೆಲ್ಸಿಯಸ್ ಕಡಿಮೆಯ ಚಳಿಯಲ್ಲಿ ಮಾತ್ರ ಕಾಂತವಾಗಿರುತ್ತದೆ. ಬಳಕೆಗೆ ನಿರುಪಯುಕ್ತವಾದರೂ, ಇಂಗಾಲದ ಎಲೆಕ್ಟ್ರಾನುಗಳು ಸಾಲುಗೂಡಿ ನಿಲ್ಲಬಲ್ಲವೆಂಬುದಕ್ಕೆ ಇಂದಿಗೂ ಇದು ಅಳಿಯದ ಸಾಕ್ಷಿ.

ಇನ್ನು ಕಬ್ಬಿಣದ ಮಾತು. 2001ರಲ್ಲಿ ಹೆಸರಾಂತ ವಿಜ್ಞಾನ ಪತ್ರಿಕೆ ನೇಚರ್‌ನಲ್ಲಿ, ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಒಂದಕ್ಕೊಂದು ಬೆಸೆದ ಫುಲ್ಲರೀನ್ ಚೆಂಡುಗಳು ಕೋಣೆಯ ಉಷ್ಣತೆಗಿಂತಲೂ ಬಹಳ ಮೇಲೆ, ಸುಮಾರು 500 ಕೆಲ್ವಿನ್‌ವರೆಗೆ ಫೆರೋಕಾಂತವಾಗಿರುತ್ತವೆಂಬ ವರದಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಆದರೆ ಮಾದರಿಗಳನ್ನು ಮತ್ತೆ ಶೋಧಿಸಿದಾಗ ಅವುಗಳಲ್ಲಿ ಕಬ್ಬಿಣ ಸೇರಿಕೊಂಡಿರುವುದು ತಿಳಿಯಿತು. ಕಬ್ಬಿಣ ಮತ್ತು ಇಂಗಾಲ ಬೆರೆತ ಸಿಮೆಂಟೈಟ್ ಎಂಬ ಸಂಯುಕ್ತದ ಕ್ಯೂರಿ ಉಷ್ಣತೆ ಸುಮಾರು 480 ಕೆಲ್ವಿನ್. ಇಂಗಾಲದ್ದೆಂದು ಭಾವಿಸಿದ್ದ ಹೆಬ್ಬೆಟ್ಟಿನ ಗುರುತು ಸಿಮೆಂಟೈಟಿನ ಗುರುತಿಗೆ ಹತ್ತಿರವಿತ್ತು. 2006ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ತಪ್ಪನ್ನು ಒಪ್ಪಿ ಬಹಿರಂಗವಾಗಿ ಹಿಂದಕ್ಕೆ ಪಡೆಯುವ ಈ ಕ್ರಮ ವಿಜ್ಞಾನಕ್ಕೆ ಗೌರವ ತರುವಂಥದು. ಜೊತೆಗೆ, ಅಂದಿನಿಂದ ಇಂಗಾಲದ ಕಾಂತತ್ವದ ಪ್ರತಿ ವರದಿಯನ್ನೂ ಕಬ್ಬಿಣದ ಒರೆಗಲ್ಲಿಗೆ ಉಜ್ಜಿ ನೋಡುವ ಪದ್ಧತಿ ಗಟ್ಟಿಯಾಯಿತು.

ಎಷ್ಟು ಕಬ್ಬಿಣ ಸಾಕು ಎಂಬ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಒಂದು ಗ್ರಾಂ ಶುದ್ಧ ಕಬ್ಬಿಣ ಪೂರ್ತಿಯಾಗಿ ಕಾಂತಗೊಂಡಾಗ ಅದರ ಬಲ, ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಇ.ಎಂ.ಯು. ಎಂಬ ಮಾನದಲ್ಲಿ, ಸುಮಾರು 218. ಇಂಗಾಲದ ಪುಡಿಯ ಹತ್ತು ಲಕ್ಷ ಭಾಗದಲ್ಲಿ ಕೇವಲ 10 ಭಾಗ ಕಬ್ಬಿಣ ಬೆರೆತರೆ, ಒಂದು ಗ್ರಾಂ ಪುಡಿ 0.002 ಇ.ಎಂ.ಯು.ಗಿಂತ ತುಸು ಹೆಚ್ಚು ಬಲ ತೋರುತ್ತದೆ, ಮತ್ತು ಅನೇಕ ವರದಿಗಳಲ್ಲಿ ಇಂಗಾಲದ್ದೆಂದು ಹೇಳಿದ ಬಲ ಇದರ ಆಸುಪಾಸಿನದೇ. ಹತ್ತು ಲಕ್ಷಕ್ಕೆ ಹತ್ತು ಎಂದರೆ ಒಂದು ಕ್ವಿಂಟಲ್ ಗೋವಿನಜೋಳದ ಚೀಲದಲ್ಲಿ ಒಂದು ಗ್ರಾಂ, ಮೂರ್ನಾಲ್ಕು ಕಾಳಿನ ತೂಕ. ಇಷ್ಟು ಅಲ್ಪವನ್ನೂ ಪತ್ತೆಹಚ್ಚಬಲ್ಲ ಉಪಕರಣ ಸ್ಕ್ವಿಡ್ ಎಂಬ ಕಾಂತಮಾಪಕ; ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ತಣಿಸಿದ ಅತಿವಾಹಕ ಉಂಗುರದ ನೆರವಿನಿಂದ ಅದು ಅಳೆಯುತ್ತದೆ. ಅದರ ಸೂಕ್ಷ್ಮತೆ ಹೆಚ್ಚಿದಷ್ಟೂ ಎಚ್ಚರಿಕೆಯೂ ಹೆಚ್ಚಬೇಕಾಗುತ್ತದೆ. 2005ರಲ್ಲಿ ಹ್ಯಾಫ್ನಿಯಂ ಆಕ್ಸೈಡ್ ಎಂಬ ಬೇರೊಂದು ವಸ್ತುವಿನ ಅಧ್ಯಯನದಲ್ಲಿ, ಮಾದರಿಯನ್ನು ಹಿಡಿದೆತ್ತಿದ ಸ್ಟೀಲ್ ಚಿಮಟದಿಂದಲೇ ಕಾಂತಗುಣ ಅಂಟಿಕೊಳ್ಳುತ್ತದೆಂದು ತೋರಿಸಲಾಯಿತು.

ಚಿಕ್ಕೇರೂರಿನ ಸುತ್ತಿನ ಮಸಾರಿ ನೆಲದಲ್ಲಿ ಇದನ್ನು ಮನಗಾಣಿಸುವುದು ಕಷ್ಟವಲ್ಲ. ಮಸಾರಿ ಮಣ್ಣಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಹಾಗೆಯೇ ಇದ್ದಾಗ ಅದು ಸೂಜಿಗಲ್ಲಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಕಾಳು ಬಿಡಿಸಿದ ಗೋವಿನಜೋಳದ ದಿಂಡುಗಳನ್ನು ಕಣದ ಧೂಳಿನ ಸಮೇತ ಮುಚ್ಚಿದ ಪಾತ್ರೆಯಲ್ಲಿ, ಗಾಳಿ ಸೋಕದಂತೆ ಸುಟ್ಟು ಇದ್ದಿಲು ಮಾಡಿದರೆ, ಇಂಗಾಲ ಆ ಕೆಂಪು ಆಕ್ಸೈಡಿನಿಂದ ಆಮ್ಲಜನಕದ ಒಂದು ಪಾಲನ್ನು ಕಿತ್ತುಕೊಂಡು ಅದನ್ನು ಮ್ಯಾಗ್ನಟೈಟ್ ಎಂಬ, ಬಲವಾಗಿ ಕಾಂತವಾಗುವ ಕಪ್ಪು ಆಕ್ಸೈಡಾಗಿ ಮಾರ್ಪಡಿಸುತ್ತದೆ. ಆಗ ಆ ಇದ್ದಿಲಿನ ಪುಡಿಯಲ್ಲಿ ಕೆಲವು ಕಣಗಳು ಸೂಜಿಗಲ್ಲಿಗೆ ಹತ್ತತೊಡಗುತ್ತವೆ. ನೋಡಿದವರಿಗೆ ಕಪ್ಪು ಪುಡಿ ಸೂಜಿಗಲ್ಲಿಗೆ ಹತ್ತಿದ್ದು ಕಾಣುತ್ತದೆಯೇ ಹೊರತು, ಹತ್ತಿದ್ದು ಇಂಗಾಲವಲ್ಲ, ನೆಲದ ಕಬ್ಬಿಣ ಎಂಬುದು ಕಾಣುವುದಿಲ್ಲ. ಪ್ರಯೋಗಾಲಯದ ಸ್ವಚ್ಛ ಮೇಜಿನ ಮೇಲೆ ನಡೆದಿರುವ ತಪ್ಪುಗಳೂ ಮೂಲತಃ ಇದೇ ಜಾತಿಯವು.

ನ್ಯಾನೊ ಇಂಗಾಲದ ತಯಾರಿಕೆಯಲ್ಲಿ ಲೋಹ ನುಸುಳುವ ಕಿಂಡಿಗಳು ಹಲವು. ರಾವ್ ಅವರ ತಂಡವೇ 1990ರ ದಶಕದ ಕೊನೆಯಲ್ಲಿ ಫೆರೋಸೀನ್ ಎಂಬ ಕಬ್ಬಿಣಯುಕ್ತ ಕಾರ್ಬನಿಕ ಸಂಯುಕ್ತವನ್ನು ಶಾಖದಿಂದ ಒಡೆದು ಇಂಗಾಲದ ನ್ಯಾನೊಕೊಳವೆಗಳನ್ನು ಒತ್ತಾದ ಸಾಲುಗಳಲ್ಲಿ ಬೆಳೆಸುವ ದಾರಿ ತೋರಿಸಿತ್ತು. ಅಲ್ಲಿ ಒಡೆದು ಬಂದ ಕಬ್ಬಿಣದ ಕಣಗಳೇ ಕೊಳವೆಗಳಿಗೆ ಮೊಳಕೆಯ ಜಾಗ. ಅಂಥ ಕೊಳವೆಗಳು ಸೂಜಿಗಲ್ಲಿಗೆ ಸ್ಪಂದಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಒಂದೇ ತಂಡ ಒಂದೆಡೆ ಕಬ್ಬಿಣವಿಲ್ಲದೆ ಬೆಳೆಯದ ಕೊಳವೆಗಳನ್ನೂ ಇನ್ನೊಂದೆಡೆ ಲೋಹದ ಹಂಗಿಲ್ಲದ ಹಾಳೆಗಳನ್ನೂ ತಯಾರಿಸಿದ್ದರಿಂದ, ಎರಡರ ವ್ಯತ್ಯಾಸ ಅದಕ್ಕೆ ಕೈಯಳತೆಯಲ್ಲೇ ಇತ್ತು. ಗ್ರಾಫೈಟನ್ನು ಉತ್ಕರ್ಷಿಸುವ ಪ್ರಚಲಿತ ಹಮ್ಮರ್ಸ್ ವಿಧಾನದಲ್ಲಿ ಬಳಸುವ ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ ಮ್ಯಾಂಗನೀಸ್ ಉಳಿದುಕೊಳ್ಳಬಹುದು. ಗಣಿಯಿಂದ ಬಂದ ಗ್ರಾಫೈಟಿನಲ್ಲಿ ಮೊದಲೇ ಇರುವ ಲೋಹಗಳು ಆಮ್ಲದಲ್ಲಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲವೆಂದು 2012ರ ಒಂದು ಅಧ್ಯಯನ ತೋರಿಸಿತು. ಆದ್ದರಿಂದ ಮಾದರಿಯ ಧಾತುವಿಶ್ಲೇಷಣೆ ಇಲ್ಲದ ಕಾಂತಮಾಪನಕ್ಕೆ ಬೆಲೆ ಕೊಡುವಂತಿಲ್ಲ.

ಶುದ್ಧತೆಯನ್ನು ಕಟ್ಟುನಿಟ್ಟಾಗಿ ಕಾಯ್ದುಕೊಂಡು ನಡೆಸಿದ ಪ್ರಯೋಗಗಳ ಫಲಿತಾಂಶ ಒಂದೇ ಮುಖವಾಗಿಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎಸ್ಕಿನಾಜಿ ಮತ್ತು ಸಂಗಡಿಗರು 2003ರಲ್ಲಿ ಗ್ರಾಫೈಟಿನ ಮೇಲೆ ಪ್ರೋಟಾನುಗಳ ದಾಳಿ ನಡೆಸಿ ಕಾಂತಗುಣ ಬರಿಸಿದರು. ಅದು ಲೋಹದ್ದಲ್ಲ, ಇಂಗಾಲದ ಪೈ ಎಲೆಕ್ಟ್ರಾನುಗಳದೇ ಎಂಬುದಕ್ಕೆ 2007ರಲ್ಲಿ ಎಕ್ಸ್ ಕಿರಣಗಳ ಪರೀಕ್ಷೆಯಿಂದ ಬೆಂಬಲ ದೊರೆಯಿತು. ಇದಕ್ಕೆ ಎದುರಾಗಿ ಮ್ಯಾಂಚೆಸ್ಟರಿನ ತಂಡ 2010ರಲ್ಲಿ ಅತಿ ಶುದ್ಧ ಗ್ರಾಫೀನ್ ಚೂರುಗಳನ್ನು 2 ಕೆಲ್ವಿನ್‌ವರೆಗೆ ತಣಿಸಿ ಅಳೆದು, ಫೆರೋಕಾಂತತೆಯ ಸುಳಿವೂ ಇಲ್ಲವೆಂದು ಹೇಳಿತು. ಅದೇ ತಂಡ 2012ರಲ್ಲಿ ಗ್ರಾಫೀನಿಗೆ ಫ್ಲೋರಿನ್ ಪರಮಾಣುಗಳನ್ನು ಸೇರಿಸಿದಾಗ ಒಂಟಿ ಎಲೆಕ್ಟ್ರಾನಿನ ಕಿರುಕಾಂತಗಳು ನಿಸ್ಸಂಶಯವಾಗಿ ಹುಟ್ಟುತ್ತವೆ, ಆದರೆ ಅವು ಸಾಲುಗೂಡದೆ ಪ್ಯಾರಾಕಾಂತವಾಗಿಯೇ ಉಳಿಯುತ್ತವೆ ಎಂದು ತೋರಿಸಿತು. ಸೇರಿಸಿದ ಸುಮಾರು ಸಾವಿರ ಫ್ಲೋರಿನ್ ಪರಮಾಣುಗಳಿಗೆ ಒಂದು ಕಿರುಕಾಂತ ಮಾತ್ರ ಸಿಕ್ಕಿತು. ಫ್ಲೋರಿನ್‌ಗಳು ಚದುರಿ ಕೂರದೆ ಗುಂಪುಗೂಡುವುದರಿಂದ ಎರಡೂ ಪಂಗಡಗಳ ಮೇಲೆ ಸಮವಾಗಿ ಕುಳಿತು ಲೆಕ್ಕವನ್ನು ಸರಿದೂಗಿಸಿಬಿಡುತ್ತವೆ. ಚೆಕ್ ಗಣರಾಜ್ಯದ ಓಲೊಮೌಟ್ಸ್‌ನಲ್ಲಿ 2017ರಲ್ಲಿ ಫ್ಲೋರಿನ್ನಿನ ಜೊತೆ ಹೈಡ್ರಾಕ್ಸಿಲ್ ಗುಂಪುಗಳನ್ನೂ ಹೂಡಿದ ಗ್ರಾಫೀನ್ ತೀರ ತಂಪಿನಲ್ಲಿ ಫೆರೋಕಾಂತವಾಗಿಯೂ ಕೋಣೆಯ ಉಷ್ಣತೆಯಲ್ಲಿ ಆಂಟಿಫೆರೋಕಾಂತವಾಗಿಯೂ ವರ್ತಿಸುತ್ತದೆಂದು ವರದಿಯಾಯಿತು. ಏನನ್ನು ಕೂರಿಸಲಾಗಿದೆ ಎಂಬುದಕ್ಕಿಂತ ಎಲ್ಲೆಲ್ಲಿ ಕೂರಿಸಲಾಗಿದೆ ಎಂಬುದೇ ನಿರ್ಣಾಯಕವೆಂಬುದು ಇವೆಲ್ಲದರಿಂದ ಸ್ಪಷ್ಟ. ಮ್ಯಾಡ್ರಿಡ್‌ನಲ್ಲಿ ಜಲಜನಕವನ್ನು ಒಂದೊಂದಾಗಿ ಇಟ್ಟು ಮಾಡಿದ್ದನ್ನು ಒಂದು ಪಾತ್ರೆಯಲ್ಲಿ ಗ್ರಾಂಗಟ್ಟಲೆ ಪುಡಿಯ ಮೇಲೆ ಮಾಡುವ ರಸಾಯನ ಇನ್ನೂ ಪಳಗಬೇಕಾಗಿದೆ. ಜಕ್ಕೂರಿನ ತಂಡ 2011ರಲ್ಲಿ ದ್ರವ ಅಮೋನಿಯಾದಲ್ಲಿ ಲಿಥಿಯಂ ಬಳಸಿ ಗ್ರಾಫೀನಿಗೆ ತೂಕದ ಶೇ. 5ರಷ್ಟು ಜಲಜನಕವನ್ನು ಕಟ್ಟಿಹಾಕಿ, 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅದನ್ನು ಮರಳಿ ಪಡೆದಿತ್ತು. ಆ ಕೆಲಸದ ಗುರಿ ಇಂಧನದ ಸಂಗ್ರಹವಾಗಿತ್ತಾದರೂ, ಪಾತ್ರೆಯಲ್ಲೇ ಗ್ರಾಫೀನಿಗೆ ಬೇಕಾದಷ್ಟು ಜಲಜನಕ ಕೂರಿಸುವ ಹತೋಟಿ ಅದರಲ್ಲಿ ಕಾಣುತ್ತದೆ.

ಬಳಕೆಯ ದೃಷ್ಟಿಯಿಂದ ಎರಡು ಬಗೆಗಳನ್ನು ಬೇರೆಯಾಗಿ ಕಾಣಬೇಕು. ಇಂಗಾಲದಲ್ಲಿ ಎಲೆಕ್ಟ್ರಾನಿನ ಗಿರಕಿ ಬೇಗ ಕದಡದೆ ದೂರದವರೆಗೆ ಸಾಗಬಲ್ಲದಾದ್ದರಿಂದ, ವಿದ್ಯುದಂಶದ ಬದಲು ಗಿರಕಿಯಲ್ಲೇ ಮಾಹಿತಿ ಹೊರಿಸುವ ಸ್ಪಿನ್‌ಟ್ರಾನಿಕ್ಸ್ ತಂತ್ರಕ್ಕೆ ಶುದ್ಧ ಇಂಗಾಲದ ಕಾಂತ ಬೇಕು. ನೀರಿನ ಶುದ್ಧೀಕರಣಕ್ಕಾದರೋ ಕಬ್ಬಿಣ ಶತ್ರುವಲ್ಲ: ಬೆಳೆಯ ಉಳಿಕೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಗಾಳಿಯಿಲ್ಲದೆ ಸುಟ್ಟರೆ ಮ್ಯಾಗ್ನಟೈಟ್ ಹೊತ್ತ ಇದ್ದಿಲು ಸಿದ್ಧವಾಗುತ್ತದೆ, ಅದು ನೀರಿನ ಕಲ್ಮಶವನ್ನು ಹೀರಿದ ಮೇಲೆ ಸೂಜಿಗಲ್ಲಿನಿಂದ ಎಳೆದು ಹೊರತೆಗೆಯಬಹುದು. ಇಲ್ಲಿ ಕಾಂತಗುಣ ಕಬ್ಬಿಣದ್ದೆಂದು ಮೊದಲೇ ಒಪ್ಪಿಕೊಂಡಿರುವುದರಿಂದ ಯಾವ ಗೊಂದಲವೂ ಇಲ್ಲ, ಮತ್ತು ಗೋವಿನಜೋಳದ ದಿಂಡು ಹೇರಳವಾಗಿ ಸಿಗುವ ಹಾವೇರಿ ಜಿಲ್ಲೆಯ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳು ದೊಡ್ಡ ಉಪಕರಣಗಳಿಲ್ಲದೆಯೇ ಕೈಹಾಕಬಹುದಾದ ಕೆಲಸವಿದು.

ರಾಸಾಯನಿಕವಾಗಿ ಹದಗೊಳಿಸಿದ ಇಂಗಾಲದಲ್ಲಿ ಕಿರುಕಾಂತಗಳು ಹುಟ್ಟುತ್ತವೆಂಬುದು ಸಿದ್ಧಾಂತದಿಂದಲೂ ಪ್ರಯೋಗದಿಂದಲೂ ಇತ್ಯರ್ಥವಾದ ಸಂಗತಿ. ಅವು ಕೋಣೆಯ ಉಷ್ಣತೆಯಲ್ಲಿ ಒಟ್ಟಾಗಿ ಸಾಲುಗೂಡಿ, ಕಬ್ಬಿಣದ ನೆರವಿಲ್ಲದೆ ನಿಜವಾದ ಸೂಜಿಗಲ್ಲಾಗುತ್ತವೆಂಬ ವಾದಕ್ಕೆ ಜಕ್ಕೂರಿನ 2009ರ ಅಳತೆಗಳು ಬಲ ಕೊಡುತ್ತವೆ, ಮ್ಯಾಂಚೆಸ್ಟರಿನವು ಕೊಡುವುದಿಲ್ಲ. ಎರಡೂ ಕಡೆಯ ಮಾದರಿಗಳು ಬೇರೆ, ತಯಾರಿಕೆಯ ದಾರಿಗಳು ಬೇರೆಯಾದ್ದರಿಂದ ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕುವುದು ನ್ಯಾಯವಲ್ಲ. ವ್ಯಾಜ್ಯ ಇನ್ನೂ ಮುಗಿದಿಲ್ಲ. ಅಲ್ಲಿಯವರೆಗೆ, ಕಾಂತಗುಣದ ಅಂಕಿಯ ಪಕ್ಕದಲ್ಲೇ ಅದೇ ಮಾದರಿಯ ಕಬ್ಬಿಣ, ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್‌ಗಳ ಅಂಕಿಯನ್ನೂ ಕೊಡದ ಯಾವ ವರದಿಯನ್ನೂ ಇಂಗಾಲದ ಕಾಂತತ್ವಕ್ಕೆ ಸಾಕ್ಷಿಯೆಂದು ಸ್ವೀಕರಿಸಬಾರದು.